ಎರಡು ಮನೆಯ ನಾಯಿ

ಮೂವತ್ತೆರಡು ವರ್ಷ ಸರ್ಕಾರಿ ಪಶುವೈದ್ಯನಾಗಿ, ನಿವೃತ್ತಿಯ ನಂತರ ಇನ್ನೊಂದು ಹನ್ನೆರಡು ವರ್ಷ ಕೊಪ್ಪಳದ ನನ್ನ ಮನೆಯ ಪಡಸಾಲೆಯಲ್ಲೇ ದನ, ಆಡು, ನಾಯಿಗಳನ್ನು ನೋಡುತ್ತ ಕಳೆದ ನಾನು, ಎಂಬತ್ತರ ಆಚೀಚಿನವರು ನಾಯಿಮರಿ ತರುತ್ತೇವೆಂದಾಗಲೆಲ್ಲ ಬೇಡವೆಂದೇ ಹೇಳಿಕೊಂಡು ಬಂದವನು. ಹಾಗೆ ಹೇಳುವುದಕ್ಕೆ ಒಂದು ಕಾರಣವಿತ್ತು. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇದ್ದ ಕಾಲ, ಅಂದರೆ 1997ಕ್ಕಿಂತ ಮೊದಲು, ಒಂದು ಸಂಜೆ ಮಧ್ಯವಯಸ್ಸಿನ ಅಣ್ಣತಮ್ಮಂದಿರಿಬ್ಬರು ಐದು ವರ್ಷದ ಪೊಮೆರೇನಿಯನ್ ನಾಯಿಯೊಂದನ್ನು ಗೋಣಿಚೀಲದಲ್ಲಿ ಇಟ್ಟುಕೊಂಡು ಬಂದರು. ನಾಯಿಗೆ ಯಾವ ರೋಗವೂ ಇರಲಿಲ್ಲ. "ಡಾಕ್ಟ್ರೇ, ಇದಕ್ಕೊಂದು ಸೂಜಿ ಮಾಡಿ ಬಿಡ್ರಿ. ನಮ್ಮ ಅಪ್ಪನ ನಾಯಿ ಇದು, ಅಪ್ಪ ಹೋಗಿ ಹದಿನೈದು ದಿನ ಆತು. ನಾವು ಇಬ್ಬರೂ ಹುಬ್ಬಳ್ಯಾಗ ಇರ್ತೀವಿ, ಇದನ್ನ ಯಾರು ನೋಡಾವ್ರು?" ಎಂದರು. ಅವರು ಕೆಟ್ಟವರಾಗಿರಲಿಲ್ಲ, ದೊಡ್ಡವನ ಕಣ್ಣು ತುಂಬಿತ್ತು. ನಾನು ಆ ಸಾವಿನ ಸೂಜಿ ಮಾಡಲಿಲ್ಲ. ನಾಯಿಯನ್ನು ಇಟ್ಟುಕೊಂಡು, ಅದು ನಾಲ್ಕು ದಿನ ಅನ್ನ ಮುಟ್ಟದೆ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದನ್ನು ನೋಡಿ, ಕೊನೆಗೆ ಪರಿಚಯದವರೊಬ್ಬರ ತೋಟದ ಮನೆಗೆ ಸೇರಿಸಿದೆ. ಅಲ್ಲಿ ಅದು ಬದುಕಿತು, ಆದರೆ ಮೊದಲಿನ ನಾಯಿಯಾಗಿ ಉಳಿಯಲಿಲ್ಲ.

ಅಂಥ ನಾನೇ ಎಂಬತ್ತೊಂದನೆಯ ವಯಸ್ಸಿನಲ್ಲಿ ಒಂದು ಮರಿಯನ್ನು ತಂದೆ. ಈಗ ನನಗೆ ಎಂಬತ್ನಾಲ್ಕು, ಅದಕ್ಕೆ ಮೂರು. ಹೇಗೆ ತಂದೆ, ಎಲ್ಲಿ ಎಡವಿದೆ ಎಂಬುದನ್ನು ಬರೆದಿಟ್ಟರೆ ನನ್ನ ವಯಸ್ಸಿನವರಿಗೂ, ಅದಕ್ಕಿಂತ ಹೆಚ್ಚಾಗಿ ಅವರ ಮಕ್ಕಳಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳು ಹೊರಗೆ. ಬೆಳಿಗ್ಗೆ ಎದ್ದು ನಾನು ಆಡುವ ಮೊದಲ ಮಾತು ಹಾಲಿನವನ ಜೊತೆ, ಎರಡನೆಯದು ಮಧ್ಯಾಹ್ನ ಅಡುಗೆಯಾಕೆಯ ಜೊತೆ ಎನ್ನುವಂತಾಗಿತ್ತು. ಆ ಮಳೆಗಾಲದಲ್ಲಿ ಓಣಿಯ ತುದಿಗೆ ನಿಲ್ಲಿಸಿದ್ದ ಟ್ರಾಲಿಯ ಕೆಳಗೆ ಬೀದಿನಾಯಿಯೊಂದು ನಾಲ್ಕು ಮರಿ ಹಾಕಿತು. ಎರಡು ಗಾಡಿಗೆ ಸಿಕ್ಕು ಸತ್ತವು, ಒಂದನ್ನು ಯಾರೋ ಒಯ್ದರು, ಕೆಂಪು ಬಣ್ಣದ ಒಂದು ಹೆಣ್ಣುಮರಿ ಉಳಿಯಿತು. ನಾನು ದಿನಾ ಬೆಳಿಗ್ಗೆ ತಾಯಿಗೆ ರೊಟ್ಟಿ, ಹಾಲು ಹಾಕಿ ಬರುತ್ತಿದ್ದೆನೇ ಹೊರತು ಮರಿಯನ್ನು ಎತ್ತಿಕೊಂಡು ಬರಲಿಲ್ಲ. ಮರಿಗೆ ಎಂಟು ವಾರ ತುಂಬುವವರೆಗೆ ಅದು ತಾಯಿಯ ಬಳಿಯೇ ಇರಬೇಕು. ಎಷ್ಟು ಜೋರಾಗಿ ಕಚ್ಚಿದರೆ ಎದುರಿನದಕ್ಕೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದು ತಾಯಿಯಿಂದ ಮತ್ತು ಒಡಹುಟ್ಟಿದವುಗಳಿಂದ. ಮುದುಕರ ಮನೆಗೆ ಬರುವ ಮರಿಗೆ ಈ ಪಾಠ ಉಳಿದವಕ್ಕಿಂತ ಹೆಚ್ಚು ಬೇಕು, ಏಕೆಂದರೆ ನಮ್ಮ ಕೈಯ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವಾಗಿರುತ್ತದೆ.

ಹಾಗೆ ಕಾಯುತ್ತಿದ್ದ ವಾರಗಳಲ್ಲಿ ನಾನು ಮಾಡಿದ ಕೆಲಸ ಬೇರೆ. ಊರಿನ ನಾಯಿ ಮನೆಯಲ್ಲಿ ಚೆನ್ನಾಗಿ ಬೆಳೆದರೆ ಹನ್ನೆರಡು, ಹದಿನಾಲ್ಕು ವರ್ಷ ಬಾಳುತ್ತದೆ. ಎಂಬತ್ತೊಂದಕ್ಕೆ ಹದಿಮೂರು ಕೂಡಿಸಿದರೆ ತೊಂಬತ್ನಾಲ್ಕು. ನಾನು ಅಲ್ಲಿಯವರೆಗೆ ಇರುತ್ತೇನೆಂದು ಲೆಕ್ಕ ಹಾಕುವುದು ಮೂರ್ಖತನ. ಇದ್ದರೂ ನಾಯಿಯನ್ನು ಸಾಕುವ ಸ್ಥಿತಿಯಲ್ಲಿ ಇರುತ್ತೇನೆಂಬುದು ಇನ್ನೂ ದೂರದ ಮಾತು. ಆದ್ದರಿಂದ ಎದುರು ಮನೆಯ ಟೇಲರ್ ಹತ್ತಿರ ಹೋಗಿ, "ಮರಿ ತರಬೇಕಂತೀನಿ. ನನ್ನ ನಂತರ ಇದು ನಿಮ್ಮದು. ನಂತರ ಅಷ್ಟೇ ಅಲ್ಲ, ಮೊದಲ ದಿನದಿಂದ ಅರ್ಧ ನಿಮ್ಮದು. ಒಪ್ಪಿದರೆ ತರತೀನಿ, ಇಲ್ಲಾಂದ್ರ ಇಲ್ಲ" ಎಂದೆ. ಅವರು ನಕ್ಕು, "ಡಾಕ್ಟ್ರೇ, ಹೊಲ ಬರಕೊಡಾಕ ಹತ್ತೀರೋ, ಕುನ್ನಿ ಕೊಡಾಕ ಹತ್ತೀರೋ?" ಎಂದು ಕೇಳಿದರು. ಅವರ ಮಗಳು ಆಗ ಪಿಯುಸಿ ಓದುತ್ತಿದ್ದಳು; ಅವಳು ಬಾಗಿಲ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ, ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಟ್ರಾಲಿಯ ಹತ್ತಿರ ಹೋಗಿ ಕುಳಿತಿದ್ದಳು. ಬಾಂಡ್ ಪೇಪರ್ ಏನೂ ಮಾಡಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಲಸಿಕೆಯ ತಾರೀಖುಗಳು, ಖರ್ಚಿಗೆಂದು ಬೇರೆ ಇಟ್ಟ ಹಣ, ನಾನು ಆಸ್ಪತ್ರೆಗೆ ಹೋದರೆ ಏನು ಮಾಡಬೇಕು ಎಂಬುದನ್ನೆಲ್ಲ ಬರೆದು ಒಂದು ಪ್ರತಿಯನ್ನು ಅವರ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಡಿಸಿದೆ. ನನ್ನ ಮಗನಿಗೂ ಫೋನಿನಲ್ಲಿ ಹೇಳಿದೆ, ಮುಂದೆ ಆ ಹಣದ ಬಗ್ಗೆ ತಕರಾರು ಬರಬಾರದೆಂದು.

ಮರಿಗೆ ಕೆಂಪಿ ಎಂದು ಹೆಸರಿಟ್ಟೆವು. ಮೊದಲ ದಿನದಿಂದಲೇ ಅದರ ಬೆಳಗಿನ ಊಟ ನನ್ನ ಮನೆಯಲ್ಲಿ, ಸಂಜೆ ಏಳರ ಊಟ ಟೇಲರ್ ಮನೆಯಲ್ಲಿ. ಮಧ್ಯಾಹ್ನದ ನಿದ್ದೆ ನನ್ನ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ. ವಾರಕ್ಕೆ ಒಂದು ರಾತ್ರಿ ಕಡ್ಡಾಯವಾಗಿ ಅವರ ಮನೆಯಲ್ಲಿ. ಈ ಒಂದು ರಾತ್ರಿ ನನಗೆ ಕಷ್ಟವಾಗುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ನಾಯಿ ತನ್ನ ಮನೆ ಯಾವುದೆಂದು ತೀರ್ಮಾನಿಸುವುದು ಮೊದಲ ಕೆಲವು ತಿಂಗಳಲ್ಲಿ. ಆ ತೀರ್ಮಾನ ಆಗುವಾಗಲೇ ಎರಡು ಬಾಗಿಲು ತೆರೆದಿರಬೇಕು. ಯಜಮಾನ ಹೋದಮೇಲೆ ಎರಡನೆಯ ಬಾಗಿಲು ತೋರಿಸಿದರೆ ಆ ಪೊಮೆರೇನಿಯನ್ನಿನ ಹಾಗೆ ಬಾಗಿಲು ನೋಡುತ್ತ ಮಲಗುತ್ತದೆ.

ಲಸಿಕೆಯ ವಿಷಯ ನನಗೆ ಬಾಯಿಪಾಠ: ಆರರಿಂದ ಎಂಟನೆಯ ವಾರದಲ್ಲಿ ಪಾರ್ವೊ, ಡಿಸ್ಟೆಂಪರ್‌ನಂಥ ಮಾರಕ ರೋಗಗಳ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ, ಮೂರು ತಿಂಗಳಿಗೆ ರೇಬೀಸ್, ಒಂದು ವರ್ಷದ ನಂತರ ಮತ್ತೆ. ಎರಡು ವಾರಕ್ಕೊಮ್ಮೆ ಜಂತಿನ ಔಷಧಿ, ಅದೂ ಮೂರು ತಿಂಗಳವರೆಗೆ. ಬಾಯಿಪಾಠ ಇದ್ದರೇನು, ಸಿರಿಂಜು ಹಿಡಿದರೆ ನನ್ನ ಬಲಗೈ ನಡುಗುತ್ತದೆ. ಸಾವಿರಾರು ದನಗಳಿಗೆ ಚುಚ್ಚಿದ ಕೈ ಒಂದು ಅಂಗೈಯಗಲದ ಮರಿಯ ಬೆನ್ನಿನ ಚರ್ಮವನ್ನು ಎತ್ತಿ ಹಿಡಿಯಲಾರದೆ ಹೋಯಿತು. ಹುಡುಗಿ ಮರಿಯನ್ನು ಸೈಕಲ್ಲಿನ ಬುಟ್ಟಿಯಲ್ಲಿ ಕೂರಿಸಿಕೊಂಡು ದವಾಖಾನೆಗೆ ಒಯ್ದು ಬಂದಳು. ಏಳನೆಯ ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆದಾಗಲೂ ಹತ್ತು ದಿನ ಹೊಲಿಗೆ ನೆಕ್ಕದಂತೆ ಕಾದವಳು ಅವಳೇ.

ರಾತ್ರಿಯ ಮಾತು ಸ್ವಲ್ಪ ತಮಾಷೆಯದು. ಎರಡು ತಿಂಗಳ ಮರಿ ಮೂರು ತಾಸಿಗಿಂತ ಹೆಚ್ಚು ಮೂತ್ರ ಹಿಡಿದುಕೊಳ್ಳಲಾರದು. ಎಂಬತ್ತೊಂದರ ಗಂಡಸಿನ ಪರಿಸ್ಥಿತಿಯೂ ಹೆಚ್ಚುಕಡಿಮೆ ಅಷ್ಟೇ. ನಾವಿಬ್ಬರೂ ಒಂದೇ ಹೊತ್ತಿಗೆ ಏಳುತ್ತಿದ್ದೆವು. ಆದರೆ ತಮಾಷೆಯ ಕೆಳಗೆ ಅಪಾಯವೂ ಇದೆ. ಮರಿ ಕುಂಯ್‌ಗುಟ್ಟಿತೆಂದು ಮುದುಕರು ಧಡಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ, ಕಾಲ ಕೆಳಗೆ ಕಲ್ಲಿನ ಮೇಲೆ ಮರಿಯ ಮೂತ್ರ ಇರುತ್ತದೆ, ದೀಪದ ಸ್ವಿಚ್ಚು ದೂರದಲ್ಲಿರುತ್ತದೆ. ಈ ವಯಸ್ಸಿನಲ್ಲಿ ಸೊಂಟದ ಎಲುಬು ಮುರಿದರೆ ಆ ಮನುಷ್ಯ ಮತ್ತೆ ಹಾಸಿಗೆಯಿಂದ ಏಳದೆ ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಮಂಚದ ಪಕ್ಕಕ್ಕೆ ರಾತ್ರಿಯಿಡೀ ಉರಿಯುವ ಚಿಕ್ಕ ಬಲ್ಬು ಹಾಕಿಸಿದೆ; ಎದ್ದು ಒಂದು ನಿಮಿಷ ಮಂಚದ ಮೇಲೆಯೇ ಕೂತು ಆಮೇಲೆ ಕಾಲೂರುವುದನ್ನು ರೂಢಿಸಿಕೊಂಡೆ; ಮರಿಯ ಜಾಗವನ್ನು ನನ್ನ ದಾರಿಗೆ ಅಡ್ಡ ಬಾರದ ಮೂಲೆಗೆ ಸರಿಸಿದೆ.

ಇದೆಲ್ಲ ಮಾಡಿಯೂ ಬಿದ್ದೆ, ರಾತ್ರಿಯಲ್ಲ, ಹಾಡಹಗಲಲ್ಲಿ. ಕೆಂಪಿಗೆ ಐದು ತಿಂಗಳು. ಬೆಳಿಗ್ಗೆ ಓಣಿಯಲ್ಲಿ ನಡೆಸಿಕೊಂಡು ಹೊರಟಿದ್ದೆ. ಹಗ್ಗ ಜಾರಬಾರದೆಂದು ಎಡಗೈಯ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಗಟಾರದಿಂದ ಒಂದು ಹಂದಿ ಎದ್ದು ಓಡಿತು, ಮರಿ ಅದರ ಹಿಂದೆ ಹಾರಿತು, ನಾನು ಮಣಿಕಟ್ಟಿನ ಮೇಲೆ ಬಿದ್ದೆ. ಎಲುಬು ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಕಡಿವಾಣದ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿರೆಂದು ಎತ್ತು, ಕುದುರೆ ಸಾಕುವವರಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಆಮೇಲೆ ಕೊರಳಪಟ್ಟಿ ಬಿಟ್ಟು ಎದೆಪಟ್ಟಿ ಹಾಕಿಸಿದೆ. ಹಗ್ಗವನ್ನು ಅಂಗೈಯಲ್ಲಿ ಹಿಡಿಯುತ್ತೇನೆ, ಎಳೆದರೆ ಬಿಟ್ಟುಬಿಡುತ್ತೇನೆ. ದೊಡ್ಡ ಓಡಾಟವೆಲ್ಲ ಹುಡುಗಿಯದು. ನನ್ನದು ನಸುಕಿನಲ್ಲಿ ಓಣಿಯ ಒಂದು ಸುತ್ತು ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ನಲವತ್ತು ಡಿಗ್ರಿ ದಾಟುವುದು ಹೊಸದಲ್ಲ, ಆಗ ಬಿಸಿಲೇರುವ ಮುಂಚೆಯೇ ಮನೆ ಸೇರಬೇಕು. ಕೈಯ ಹಿಂಭಾಗವನ್ನು ರಸ್ತೆಯ ಮೇಲೆ ಏಳೆಂಟು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ, ಮುದುಕನ ನೆತ್ತಿಗೂ ಒಳ್ಳೆಯದಲ್ಲ.

ಹಲ್ಲಿನ ಕಾಟದ ಬಗ್ಗೆ ಹೇಳಲೇಬೇಕು. ಮರಿಗೆ ಇಪ್ಪತ್ತೆಂಟು ಹಾಲುಹಲ್ಲು, ಒಂದೊಂದೂ ಸೂಜಿ. ನಾಲ್ಕನೆಯ ತಿಂಗಳಿನಿಂದ ಅವು ಬಿದ್ದು ನಲವತ್ತೆರಡು ಗಟ್ಟಿಹಲ್ಲು ಬರುವವರೆಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ನಮ್ಮಲ್ಲಿ ಅನೇಕರು ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುತ್ತೇವೆ. ಆಟಕ್ಕೆ ಕಚ್ಚಿದ ಗಾಯವೂ ಅರ್ಧ ತಾಸು ಒಸರುತ್ತದೆ. ನಾನು ವೃತ್ತಿಯಲ್ಲಿದ್ದಾಗಲೇ ಮುಂಜಾಗ್ರತೆಯ ರೇಬೀಸ್ ಲಸಿಕೆ ಪಡೆದವನು, ಆದರೂ ಮರಿಯ ಲಸಿಕೆ ಮುಗಿಯುವ ಮುನ್ನ ಹಲ್ಲು ತಾಗಿದಾಗ ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿಗೆ ಹೋದೆ. ಹಳೆಯ ಟವೆಲ್ಲಿಗೆ ಗಂಟು ಹಾಕಿ, ನೆನೆಸಿ, ಫ್ರಿಜ್ಜಿನಲ್ಲಿಟ್ಟು ಕೊಟ್ಟರೆ ಕೈ ಬಿಟ್ಟು ಅದನ್ನು ಕಡಿಯುತ್ತದೆ.

ಹಲ್ಲಿಗಿಂತ ನನ್ನನ್ನು ಹೆದರಿಸಿದ್ದು ಮಾತ್ರೆ. ಮುದುಕರ ಮನೆಯೆಂದರೆ ಮಾತ್ರೆಯ ಮನೆ. ಒಂದು ದಿನ ಬೆಳಿಗ್ಗೆ ನಡುಗುವ ಬೆರಳಿನಿಂದ ಜಾರಿದ ಮಂಡಿನೋವಿನ ಮಾತ್ರೆ ಟಕ್ಕೆಂದು ಕಲ್ಲಿನ ಮೇಲೆ ಬಿದ್ದು ಉರುಳಿತು; ನಾನು ಬಗ್ಗುವಷ್ಟರಲ್ಲಿ ಕೆಂಪಿ ಅದರ ಮೇಲೆ ಮೂಗಿಟ್ಟಿತ್ತು. ಅಡುಗೆಯಾಕೆ ಅದರ ಬಾಯಿಗೆ ಬೆರಳು ಹಾಕಿ ತೆಗೆದಳು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ, ಚಿಕ್ಕ ಮರಿಗೆ ಸ್ವಲ್ಪವೇ ಸಾಕು. ಅಂದಿನಿಂದ ನಾನು ಮಾತ್ರೆ ನುಂಗುವುದು ಊಟದ ಮೇಜಿನ ಮೇಲೆ ಅಂಚಿರುವ ತಟ್ಟೆಯೊಂದನ್ನು ಇಟ್ಟುಕೊಂಡು, ಕೆಂಪಿ ಹೊರಗಿರುವಾಗ.

ಇನ್ನು ಉಣ್ಣಿ. ನಮ್ಮ ಭಾಗದ ನಾಯಿಗಳಿಗೆ ಉಣ್ಣಿಜ್ವರ ಸಾಮಾನ್ಯ. ಕಿವಿಯ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ ಎಳ್ಳಿನಷ್ಟು ಉಣ್ಣಿ ಕೂತಿದ್ದರೆ ನನ್ನ ಕಣ್ಣಿಗೆ ಕಾಣುವುದಿಲ್ಲ. ಭಾನುವಾರ ಹುಡುಗಿ ಬಂದು ಕಟ್ಟೆಯ ಮೇಲೆ ಕೂತು ತೆಗೆಯುತ್ತಾಳೆ, ನಾನು ಪಕ್ಕದಲ್ಲಿ ಕೂತು ಒಸಡಿನ ಬಣ್ಣ ಹೇಗೆ ನೋಡಬೇಕು, ಬಿಳಿಚಿಕೊಂಡರೆ ಏನರ್ಥ ಎಂದು ಹೇಳುತ್ತೇನೆ. ಅವಳು ಈಗ ಡಿಗ್ರಿ ಎರಡನೆಯ ವರ್ಷ. "ಅಜ್ಜಾರ, ನೀವು ಹೇಳಿದ್ದು ಬರಕೊಂಡಿದ್ರ ಒಂದು ಪುಸ್ತಕ ಆಗ್ತಿತ್ತು" ಎನ್ನುತ್ತಾಳೆ.

ಇಷ್ಟು ಮಾಡಿದ ಮೇಲೂ ನನ್ನ ಬಳಿ ಸಲಹೆ ಕೇಳಲು ಬರುವ ಹತ್ತು ಮುದುಕರಲ್ಲಿ ಒಂಬತ್ತು ಜನರಿಗೆ ಮರಿ ಬೇಡವೆಂದೇ ಹೇಳುತ್ತೇನೆ. ನನಗೆ ಎದುರು ಮನೆಯಿತ್ತು, ಎಲ್ಲರಿಗೂ ಇರುವುದಿಲ್ಲ. ಮರೆವು ಶುರುವಾದವರೊಬ್ಬರ ಮನೆಯಲ್ಲಿ ನಾಯಿಗೆ ದಿನಕ್ಕೆ ನಾಲ್ಕು ಸಲ ಊಟ ಹಾಕಿ ಹಾಕಿ ಅದು ನಡೆಯಲಾರದಷ್ಟು ಊದಿದ್ದನ್ನು ನೋಡಿದ್ದೇನೆ. ಬೆಂಗಳೂರಿನ ಮಕ್ಕಳು ಅಪ್ಪನಿಗೆ ಬ್ಯಾಸರ ಆಗಬಾರದೆಂದು ಲ್ಯಾಬ್ರಡಾರ್ ಮರಿಯನ್ನು ಕಾರಿನಲ್ಲಿ ತಂದು ಬಿಟ್ಟು ಅದೇ ಸಂಜೆ ಮರಳುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಒಂದು ವರ್ಷದಲ್ಲಿ ಅದು ಮೂವತ್ತು ಕಿಲೋ ಆಗುತ್ತದೆ, ಅಪ್ಪ ಐವತ್ತೈದು ಕಿಲೋ ಇರುತ್ತಾರೆ. ಬಳ್ಳಾರಿಯ ಬಿಸಿಲಿನಲ್ಲಿ ಹಿಮದ ನಾಡಿನ ಹಸ್ಕಿ ನಾಯಿ ಸಾಕುವವರ ಬಗ್ಗೆ ನಾನು ಬರೆಯದಿರುವುದೇ ಲೇಸು.

ರಾಯಚೂರಿನಲ್ಲಿರುವ ನನ್ನ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರು ಮರಿಗಾಗಿ ಹಟ ಹಿಡಿದಿದ್ದರು. ಅವರ ಗೇಟಿನ ಮುಂದೆ ಆರೇಳು ವರ್ಷದ ಬೀದಿನಾಯಿಯೊಂದು ಮಲಗುತ್ತಿತ್ತು. ಅದರ ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇತ್ತು, ಅಂದರೆ ಸಂತಾನಹರಣವೂ ರೇಬೀಸ್ ಲಸಿಕೆಯೂ ಆಗಿಹೋಗಿದೆ ಎಂದರ್ಥ. "ನಿಮ್ಮ ಮರಿ ಆಗಲೇ ಬೆಳೆದು ಬಾಗಿಲಿಗೆ ಬಂದು ಕೂತೈತಿ, ಲಸಿಕೆಯೊಂದನ್ನ ವರ್ಷವರ್ಷ ಹಾಕಸ್ರಿ" ಎಂದೆ. ಅದು ಕಚ್ಚುವ ವಯಸ್ಸು ದಾಟಿದೆ, ಎಳೆಯುವುದಿಲ್ಲ, ಹಗಲೆಲ್ಲ ಮಲಗುತ್ತದೆ, ಓಣಿಯವರೆಲ್ಲರಿಗೂ ಗೊತ್ತಿರುವುದರಿಂದ ನಾಳೆ ಅನಾಥವೂ ಆಗುವುದಿಲ್ಲ. ಮೊದಲು ಮುಖ ಸಣ್ಣದು ಮಾಡಿಕೊಂಡ ಟೀಚರಮ್ಮ ಈಗ ಫೋನು ಮಾಡಿದಾಗಲೆಲ್ಲ "ನಮ್ಮ ಮುದುಕಿ" ಎಂದು ಅದರ ಸುದ್ದಿಯನ್ನೇ ಮೊದಲು ಹೇಳುತ್ತಾರೆ.

ಹೋದ ಚಳಿಗಾಲದಲ್ಲಿ ಎದೆಯ ಸೋಂಕಿನಿಂದ ನಾನು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ನೋಟ್‌ಬುಕ್ಕಿನಲ್ಲಿ ಬರೆದಿದ್ದಂತೆಯೇ ಎಲ್ಲ ನಡೆಯಿತು. ಕೆಂಪಿ ಊಟ ಬಿಟ್ಟಿತ್ತೇ ಎಂದು ನಾನು ಹುಡುಗಿಗೆ ಫೋನಿನಲ್ಲಿ ಕೇಳಿದಾಗ, "ಮೊದಲನೇ ದಿನ ನಿಮ್ಮ ಬಾಗಿಲ ಮುಂದ ಹೋಗಿ ಕುಂತಿತ್ತು ಅಜ್ಜಾರ, ಆಮ್ಯಾಲೆ ಬಂದು ಉಂಡಿತು" ಎಂದಳು. ಮನೆಗೆ ಬಂದ ಸಂಜೆ ಅದು ನನ್ನ ಕೈ, ಔಷಧಿಯ ವಾಸನೆಯ ಅಂಗಿ, ಚಪ್ಪಲಿ ಎಲ್ಲವನ್ನೂ ಮೂಸಿ, ಬಾಲದಿಂದ ಕುರ್ಚಿಯ ಕಾಲಿಗೆ ಪಟಪಟನೆ ಹೊಡೆಯುತ್ತ ಒಂದು ತಾಸು ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಏಳಾಯಿತು. ಎದುರು ಮನೆಯಲ್ಲಿ ತಟ್ಟೆಯ ಸದ್ದು ಕೇಳಿಸಿತು. ಕೆಂಪಿ ಎದ್ದು ಮೈ ಮುರಿದು, ಒಮ್ಮೆ ನನ್ನ ಕಡೆ ನೋಡಿ, ರಸ್ತೆ ದಾಟಿ ಊಟಕ್ಕೆ ಹೋಯಿತು. ನಾನು ಕರೆಯಲಿಲ್ಲ.