ಅಳ್ಳಿಟ್ಟಿನ ಪಾಕೀಟು ಡಬ್ಬಿಗಳ ಸಾಲಿನಲ್ಲಿ ಬೇರೆಯಾಗಿ ನಿಂತದ್ದು: ನನ್ನ ಅನುಭವ

ವಿಜಯಪುರದಲ್ಲಿ ಜೋಳದ ಅಳ್ಳು (ಹುರಿದು ಅರಳಿಸಿದ ಕಾಳು), ಪುಠಾಣಿ (ಹುರಿಗಡಲೆ), ಶೇಂಗಾ ಮತ್ತು ಅಗಸಿಯನ್ನು ಹುರಿದು ಬೀಸಿ, ವ್ಯಾಯಾಮ ಮಾಡುವವರಿಗೆಂದು ಪಾಕೀಟು ಮಾಡಿ ಮಾರುವುದು ನನ್ನ ಉದ್ಯೋಗ. ನಾಗರ ಪಂಚಮಿಗೆ ಅಳ್ಳಿಟ್ಟು ತಿಂದು ಬೆಳೆದವರಿಗೆ ಈ ಪದಾರ್ಥ ಹೊಸದೇನಲ್ಲ. ಆದರೆ ಜಿಮ್ಮುಗಳ ಸುತ್ತಲಿನ ಅಂಗಡಿಗಳಲ್ಲಿ ಅದನ್ನು ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯ ದೊಡ್ಡ ಡಬ್ಬಿಗಳ ಪಕ್ಕದಲ್ಲಿ ಇಟ್ಟು, ಗಿರಾಕಿಯ ಕೈ ಅದರತ್ತ ಹೋಗುವಂತೆ ಮಾಡುವುದು ಬೇರೆಯೇ ಕೆಲಸ. 2023ನ್ನು ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲಂತೂ ಈ ಬಗೆಯ ಹಿಟ್ಟುಗಳು ಎಲ್ಲ ದಿಕ್ಕಿನಿಂದಲೂ ಬಂದವು. ಎಲ್ಲವುಗಳ ಮೇಲೂ ಹಸಿರು ಬಣ್ಣ, ಒಂದು ತೆನೆಯ ಚಿತ್ರ, ‘ಪ್ರೋಟೀನ್ ಸಮೃದ್ಧ’ ಎಂಬ ದಪ್ಪಕ್ಷರ. ಹೆಸರಿನ ಮೇಲೆ ಕೈಯಿಟ್ಟು ಮುಚ್ಚಿದರೆ ಯಾರ ಮಾಲು ಯಾವುದೆಂದು ಹೇಳಲಾಗದು.

ಆ ದಪ್ಪಕ್ಷರದ ಮಾತನ್ನು ನಾನು ಮೊದಲು ಪರಿಶೀಲಿಸಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಜಾಹೀರಾತು ಹಾಗೂ ಹೇಳಿಕೆಗಳ ಬಗ್ಗೆ 2018ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಘನ ಆಹಾರದ 100 ಗ್ರಾಂನಲ್ಲಿ ದಿನದ ಶಿಫಾರಸಿನ ಶೇ 20ರಷ್ಟು ಪ್ರೋಟೀನ್ ಇದ್ದರೆ ಅದನ್ನು ಸಮೃದ್ಧವೆಂದು ಕರೆಯಬಹುದು. ಈ ಅಳತೆಗೆ ಕಿರಾಣಿ ಅಂಗಡಿಯ ಚೀಲದಲ್ಲಿರುವ ಪುಠಾಣಿಯೂ ನಿಲ್ಲುತ್ತದೆ, ಶೇಂಗಾವೂ ನಿಲ್ಲುತ್ತದೆ. ಎಲ್ಲರಿಗೂ ನ್ಯಾಯವಾಗಿಯೇ ದಕ್ಕುವ ಮಾತೊಂದು ನನ್ನನ್ನು ಬೇರೆಯವರಿಂದ ಬೇರ್ಪಡಿಸಲಾರದು ಎಂದು ತಿಳಿದು, ಅದನ್ನು ಪಾಕೀಟಿನ ಮುಂಭಾಗದಿಂದ ತೆಗೆದುಹಾಕಿದೆ. ‘ಹೆಲ್ತ್ ಡ್ರಿಂಕ್’ ಎಂಬ ಹೆಸರನ್ನಂತೂ ನಾನು ಎಂದೂ ಬಳಸಲಿಲ್ಲ. 2024ರ ಏಪ್ರಿಲ್‌ನಲ್ಲಿ ಅದೇ ಪ್ರಾಧಿಕಾರವು, ಆ ಹೆಸರಿಗೆ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲವೆಂದು ಆನ್‌ಲೈನ್ ಮಾರಾಟಗಾರರಿಗೆ ತಿಳಿಸಿತು.

ಮುಂದಿನ ಪ್ರಶ್ನೆ, ಇದನ್ನು ಯಾರಿಗಾಗಿ ಮಾಡುವುದು ಎಂಬುದು. ಗರಡಿ ಮನೆಯ ಪೈಲ್ವಾನರಿಗೆ ಹಾಲು, ತುಪ್ಪ, ಬಾದಾಮಿಯ ಖುರಾಕು ತಲೆಮಾರುಗಳಿಂದ ಗೊತ್ತಿದೆ; ಅದನ್ನು ಬಿಡಿಸುವ ಅಗತ್ಯವೂ ಇಲ್ಲ, ಶಕ್ತಿಯೂ ನನಗಿಲ್ಲ. ಜಿಮ್ಮಿನಲ್ಲಿ ಭಾರ ಎತ್ತುವ ಹುಡುಗರು ಒಂದು ಚಮಚೆಗೆ 24 ಗ್ರಾಂ ಪ್ರೋಟೀನ್ ಎಂಬ ಲೆಕ್ಕದಲ್ಲೇ ಮಾತಾಡುತ್ತಾರೆ, ಅಲ್ಲಿ ಜೋಳದ ಹಿಟ್ಟು ಸ್ಪರ್ಧೆಗೇ ಇಳಿಯಬಾರದು. ಉಳಿದವರು ನಸುಕಿನಲ್ಲಿ ಅಂಬೇಡ್ಕರ್ ಕ್ರೀಡಾಂಗಣಕ್ಕೂ ಊರ ಹೊರಗಿನ ರಸ್ತೆಗಳಿಗೂ ಬರುವ ಹುಡುಗ ಹುಡುಗಿಯರು: ಸೈಕಲ್ ಪಟುಗಳು, ಸೇನೆಯ ಭರ್ತಿಗೆ ತಯಾರಾಗುವವರು, ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ, ಗಂಡಸರಾದರೆ, 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕಾದವರು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಬಂದು ಬಾಡಿಗೆ ಕೋಣೆಯಲ್ಲಿ ಮೂರು ನಾಲ್ಕು ಜನ ಸೇರಿ ಇರುವ ಇವರಿಗೆ ಒಲೆಯಿಲ್ಲ. ಊಟ ಖಾನಾವಳಿಯಲ್ಲಿ, ಖಾನಾವಳಿಯ ಬಾಗಿಲು ತೆರೆಯುವುದು ಹೊತ್ತು ಏರಿದ ಮೇಲೆ. ಓಟ ಮುಗಿದ ನಂತರ ಕೋಚಿಂಗ್ ತರಗತಿ ಶುರುವಾಗುವವರೆಗೆ ಹೊಟ್ಟೆಗೆ ಬೀಳುವುದು ಒಂದು ಕಪ್ ಚಹಾ, ಹೆಚ್ಚೆಂದರೆ ಎರಡು ಬಿಸ್ಕೀಟು. ಈ ಒಂದು ಗಂಟೆಯ ಹಸಿವನ್ನು ಯಾವ ದೊಡ್ಡ ಕಂಪನಿಯೂ ತನ್ನದೆಂದು ಕರೆದುಕೊಂಡಿರಲಿಲ್ಲ.

ಇದು ಖಚಿತವಾದ ಮೇಲೆ ಉಳಿದ ನಿರ್ಧಾರಗಳು ತಾವಾಗಿಯೇ ಬಂದವು. ಒಂದು ಕಿಲೋ ಡಬ್ಬಿಯ ಬದಲು ಒಮ್ಮೆ ಕುಡಿಯುವಷ್ಟು, ಅಂದರೆ 40 ಗ್ರಾಂನ ಪಾಕೀಟು. ಬೇಯಿಸದೆ ನೀರಿನಲ್ಲಿಯೋ ಹಾಲಿನಲ್ಲಿಯೋ ಕಲಕಿದರೆ ಸಾಕು. ಬೆಲೆ ಚಹಾ ಬಿಸ್ಕೀಟಿನ ಆಸುಪಾಸು. ಮಾರಾಟದ ಜಾಗವೂ ಬದಲಾಯಿತು. ಕಮಿಷನ್ ಹೆಚ್ಚು ಕೊಟ್ಟವರ ಡಬ್ಬಿಯನ್ನೇ ಹೊಗಳುವ ತರಬೇತುದಾರರ ಹಿಂದೆ ಬೀಳದೆ, ಖಾನಾವಳಿಗಳ ಗಲ್ಲಾದ ಮುಂದೆಯೂ ಜೆರಾಕ್ಸ್ ಅಂಗಡಿಗಳಲ್ಲಿಯೂ ಪಾಕೀಟಿನ ಸರ ತೂಗುಹಾಕಿಸಿದೆ.

ತಯಾರಿಕೆಯ ವಿಷಯದಲ್ಲಿ ನಾನು ಅತಿ ಹೆಚ್ಚು ಸಮಯ ಕೊಟ್ಟದ್ದು ಅಳ್ಳಿಗೆ. ಜೋಳವನ್ನು ನೀರಿನಲ್ಲಿ ಕುದಿಸಿದರೆ ಅದರ ಪ್ರೋಟೀನ್ ಅರಗುವ ಪ್ರಮಾಣ ಕಡಿಮೆಯಾಗುತ್ತದೆಂಬುದು ಆಹಾರ ವಿಜ್ಞಾನದಲ್ಲಿ ತಿಳಿದಿರುವ ಸಂಗತಿ; ಒಣ ಶಾಖದಲ್ಲಿ ಅರಳಿಸಿದ ಅಳ್ಳಿಗೆ ಕುದಿಸುವ ಗೊಡವೆಯೇ ಇಲ್ಲ. ಆದರೆ ರೊಟ್ಟಿಗೆ ಹೆಸರಾದ ಮಾಲದಂಡಿ ಜೋಳ ಅಳ್ಳಿಗೆ ಅಷ್ಟಾಗಿ ಒಗ್ಗುವುದಿಲ್ಲ, ಕಾಳು ಅರ್ಧಮರ್ಧ ಅರಳುತ್ತದೆ. ಡೋಣಿ ನದಿಯ ಸಾಲಿನ ಎರೆಹೊಲಗಳಲ್ಲಿ ಕೆಲವರು ಪಂಚಮಿಗೆಂದು, ಸಣ್ಣ ಗಟ್ಟಿ ಕಾಳಿನ ಅಳ್ಳಿನ ಜೋಳವನ್ನು ಒಂದೆರಡು ಸಾಲು ಹಾಕಿಕೊಳ್ಳುವ ರೂಢಿಯಿದೆ. ಅಂಥವರನ್ನು ಹುಡುಕಿ, ಸಾಲುಗಳ ಬದಲು ಎಕರೆಗಟ್ಟಲೆ ಬಿತ್ತಿದರೆ ಇಷ್ಟು ಬೆಲೆಗೆ ಕೊಳ್ಳುತ್ತೇನೆಂದು ಬಿತ್ತನೆಗೆ ಮೊದಲೇ ಮಾತು ಕೊಟ್ಟೆ. ಕಾಳಿಗೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿಟ್ಟು, ಕಾದ ಉಸುಕಿನಲ್ಲಿ ಹುರಿದಾಗ ಅಳ್ಳು ಬಿಳಿಯಾಗಿ ಒಡೆಯುತ್ತದೆ. ಜರಡಿಯ ಕೆಳಗೆ ಉಸುಕು, ಮೇಲೆ ಅಳ್ಳು, ನಡುವೆ ಅರಳದೆ ಉಳಿದ ಕಾಳು. ಈ ಅರಳದ ಕಾಳನ್ನು ಆರಿಸದೆ ಬೀಸುವುದರಿಂದಲೇ ಮಾರುಕಟ್ಟೆಯ ಅನೇಕ ಹಿಟ್ಟುಗಳು ಶೇಕರಿನ ತಳದಲ್ಲಿ ಕೂರುತ್ತವೆ. ನನ್ನಲ್ಲಿ ಪ್ರತಿ ಬ್ಯಾಚಿನ ಹಿಟ್ಟನ್ನು ಗಾಜಿನ ಲೋಟದ ತಣ್ಣೀರಿನಲ್ಲಿ ಕಲಕಿ ಐದು ನಿಮಿಷ ಬಿಟ್ಟು ತಳ ನೋಡುತ್ತಾರೆ. ಬೆರಳಿನಿಂದ ತಿಕ್ಕಿದಾಗ ರವೆ ಸಿಕ್ಕರೆ ಆ ಬ್ಯಾಚು ಮತ್ತೆ ಜರಡಿಗೆ ಹೋಗುತ್ತದೆ. ಕುಡಿಯುವವನಿಗೆ ಪ್ರೋಟೀನ್ ಕಣ್ಣಿಗೆ ಕಾಣುವುದಿಲ್ಲ, ಗಂಟಲಿಗೆ ಸಿಗುವ ರವೆ ಮಾತ್ರ ಮೊದಲ ಗುಟುಕಿನಲ್ಲೇ ತಿಳಿಯುತ್ತದೆ.

ಪ್ರೋಟೀನಿನ ಲೆಕ್ಕವನ್ನು ನಾನು ಬಚ್ಚಿಡಲಿಲ್ಲ. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ, ಪುಠಾಣಿಯಲ್ಲಿ 20ರ ಆಸುಪಾಸು, ಶೇಂಗಾದಲ್ಲಿ 25ರ ಆಸುಪಾಸು. ನನ್ನ ಮಿಶ್ರಣ ಒಟ್ಟಾರೆ 16 ಗ್ರಾಂಗೆ ಬಂದು ನಿಲ್ಲುತ್ತದೆ. ಹೀಗಾಗಿ ಪಾಕೀಟಿನ ಮುಂಭಾಗದಲ್ಲಿ, ಕನ್ನಡದಲ್ಲಿ, ಕಣ್ಣಿಗೆ ಬೀಳುವ ಗಾತ್ರದಲ್ಲಿ ಹೀಗೆ ಅಚ್ಚು ಹಾಕಿಸಿದೆ: ಒಂದು ಪಾಕೀಟಿನಲ್ಲಿ 6 ಗ್ರಾಂ ಪ್ರೋಟೀನ್, 200 ಮಿ.ಲೀ. ಹಾಲಿನೊಂದಿಗೆ ಕುಡಿದರೆ ಸುಮಾರು 12. ಇದು ವೇ ಪ್ರೋಟೀನಿಗೆ ಬದಲಿಯಲ್ಲ. ಕಡೆಯ ಮಾತನ್ನು ಓದಿದ ವಿತರಕರೊಬ್ಬರು ತಮ್ಮ ಮಾಲನ್ನು ತಾವೇ ಬೈದುಕೊಳ್ಳುವ ವ್ಯಾಪಾರಿಯನ್ನು ಇದುವರೆಗೆ ಕಂಡಿಲ್ಲವೆಂದರು. ಆದರೆ ಆ ಸಾಲೇ ನಮ್ಮ ಅತ್ಯುತ್ತಮ ಜಾಹೀರಾತಾಯಿತು. ಇಷ್ಟನ್ನು ಒಪ್ಪಿಕೊಳ್ಳುವವನು ಉಳಿದದ್ದರಲ್ಲಿ ಸುಳ್ಳು ಹೇಳಲಿಕ್ಕಿಲ್ಲ ಎಂದು ಹುಡುಗರು ತಮ್ಮತಮ್ಮಲ್ಲೇ ತರ್ಕಿಸಿದರು. ಜೋಳದಲ್ಲಿ ಕೊರತೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲವನ್ನು ಪುಠಾಣಿ ತುಂಬಿಕೊಡುತ್ತದೆಂಬ ವಿವರಣೆ ಹಿಂಭಾಗದಲ್ಲಿ ಎರಡೇ ಸಾಲಿನಲ್ಲಿದೆ. ರೊಟ್ಟಿಯ ಜೊತೆ ಕಾಳುಪಲ್ಲೆ ತಿನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಯೋಗಾಲಯದ ವರದಿ ನೋಡಿ ನಂಬುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಜೆಲ್ದಾಲ್ ವಿಧಾನದಲ್ಲಿ ಸಾರಜನಕವನ್ನು ಅಳೆದು ಅದನ್ನು 6.25ರಿಂದ ಗುಣಿಸುತ್ತಾರೆ. ಗ್ಲೈಸೀನಿನಂಥ ಅಗ್ಗದ ಅಮೈನೋ ಆಮ್ಲ ಬೆರೆಸಿದರೂ ಸಾರಜನಕ ಏರುತ್ತದೆ, ಅಂಕಿ ಹಿಗ್ಗುತ್ತದೆ. ಹಾಗಾಗಿ ನಾನು ಅಂಕಿಯೊಂದಿಗೆ ಪದಾರ್ಥಗಳ ಪ್ರಮಾಣವನ್ನೂ ಶೇಕಡಾವಾರು ಅಚ್ಚು ಹಾಕಿಸುತ್ತೇನೆ. ಬೇಕಾದವರು ತಾವೇ ಕೂಡಿ ತಾಳೆ ನೋಡಬಹುದು. ಶೇಂಗಾದಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷದ ಪರೀಕ್ಷೆಗೂ ಹಣ ಖರ್ಚು ಮಾಡುತ್ತೇನೆ. ಅದನ್ನು ಯಾರೂ ಕೇಳುವುದಿಲ್ಲ, ಆದರೂ ಬಿಡುವಂಥದ್ದಲ್ಲ.

ಎಲ್ಲಕ್ಕಿಂತ ದೊಡ್ಡ ಜಗ್ಗಾಟ ನಡೆದದ್ದು ದಿನಾಂಕದ ವಿಷಯದಲ್ಲಿ. ಅಗಸಿ ಮತ್ತು ಶೇಂಗಾದ ಎಣ್ಣೆ, ಬೀಸಿದ ಮೇಲೆ ಗಾಳಿ ತಗಲಿ ಬೇಗ ಕಮಟುತ್ತದೆ; ನಮ್ಮ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಇನ್ನೂ ಬೇಗ. ಅಲ್ಯೂಮಿನಿಯಂ ಪದರದ ಪಾಕೀಟು ಬಳಸಿದರೂ ಮೂರು ತಿಂಗಳಿಗಿಂತ ಹೆಚ್ಚು ಅವಧಿ ಬರೆಯಲು ನನಗೆ ಮನಸ್ಸು ಬರಲಿಲ್ಲ, ಅಂಗಡಿಯವರಿಗೆ ಒಂದು ವರ್ಷದ ಅವಧಿಯ ಮಾಲು ಬೇಕು. ಹಳೆಯದನ್ನು ನನ್ನ ಖರ್ಚಿನಲ್ಲಿ ವಾಪಸು ಪಡೆಯುವ ಕರಾರಿಗೆ ಒಪ್ಪಿ, ‘ಹುರಿದ ದಿನ’ ಎಂದು ಮುಂಭಾಗದಲ್ಲೇ ಮುದ್ರೆ ಹಾಕತೊಡಗಿದೆ. ಲಾಭ ಸ್ವಲ್ಪ ಸವೆಯಿತು ನಿಜ, ಆದರೆ ದೂರದ ಗೋದಾಮುಗಳಲ್ಲಿ ತಿಂಗಳುಗಟ್ಟಲೆ ಮಲಗಿ ಬರುವ ಡಬ್ಬಿಗಳು ಈ ಒಂದು ಮುದ್ರೆಯನ್ನು ಹಾಕಲಾರವು. ಡಿಸೆಂಬರಿನಲ್ಲಿ ಇಲ್ಲಿ ನಡೆಯುವ ವೃಕ್ಷೋಥಾನ್ ಓಟದ ದಿನ ಹಿಂದಿನ ದಿನ ಹುರಿದ ಹಿಟ್ಟನ್ನು ಲೋಟದಲ್ಲಿ ಕಲಕಿ ಕೊಟ್ಟಾಗ, ವಾಸನೆ ಹಿಡಿದೇ ಮತ್ತೊಂದು ಲೋಟಕ್ಕೆ ಕೈ ಚಾಚಿದವರು ಬಹಳ.

ಇತ್ತೀಚೆಗೆ ನಮ್ಮದೇ ಗಾತ್ರದ, ನಮ್ಮದೇ ಕಂದು ಬಣ್ಣದ ಪಾಕೀಟೊಂದು ಮಾರುಕಟ್ಟೆಗೆ ಬಂದಿದೆ. ಬೆಲೆ ನಮ್ಮದಕ್ಕಿಂತ ಕಡಿಮೆ. ಅದರಲ್ಲಿ ಅಳ್ಳಿನ ಬದಲು ಹುರಿದ ಸಾದಾ ಜೋಳವಿದೆ, ಹುರಿದ ದಿನವಿಲ್ಲ. ಕೆಲವು ಗಿರಾಕಿಗಳು ಅತ್ತ ಹೋದರು, ಹೋದವರಲ್ಲಿ ಎಲ್ಲರೂ ಮರಳಿಲ್ಲ. ಅದಕ್ಕೆ ಪ್ರತಿಯಾಗಿ ಬೆಲೆ ಇಳಿಸುವ ವಿಚಾರ ನನಗಿಲ್ಲ, ಏಕೆಂದರೆ ಈಗ ನನ್ನನ್ನು ಕಟ್ಟಿಹಾಕಿರುವುದು ಗಿರಾಕಿಗಳ ಕೊರತೆಗಿಂತ ಅಳ್ಳಿನ ಜೋಳದ ಕೊರತೆ. ಮುಂದಿನ ಹಿಂಗಾರಿಗೆಂದು ಬಬಲೇಶ್ವರದ ಕಡೆಯ ಕೆಲವು ರೈತರಿಗೆ ಬೀಜ ಕೊಟ್ಟಿದ್ದೇನೆ.