ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿದೆಯೇ? ಗೋಡೆಯಿಂದ ಕೀಳಬೇಡಿ

ನಲ್ಲಿ ತೊಟ್ಟಿಕ್ಕಲು ಶುರುವಾದರೆ ನಮ್ಮ ಕಡೆ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಶಕ್ತಿಯೆಲ್ಲ ಹಾಕಿ ಬಿಗಿಯಾಗಿ ತಿರುಗಿಸುತ್ತಾರೆ, ಇಲ್ಲವೇ ಪೈಪ್ ರೆಂಚ್ ಹಾಕಿ ಇಡೀ ನಲ್ಲಿಯನ್ನೇ ಕೀಳುತ್ತಾರೆ. ಎರಡೂ ಬೇಡ. ಬಿಗಿ ಮಾಡಿದಷ್ಟೂ ಒಳಗಿನ ವಾಶರ್, ಅಂದರೆ ನೀರು ತಡೆಯುವ ರಬ್ಬರ್ ಬಿಲ್ಲೆ, ಬೇಗ ಸವೆಯುತ್ತದೆ. ರೆಂಚ್ ಹಾಕಿ ಎಳೆದು, ಗೋಡೆಯೊಳಗಿನ ಎಲ್ಬೋ (ಪೈಪಿನ ಮೂಲೆ ತಿರುವು) ಸೀಳಿ, ಕೊನೆಗೆ ಟೈಲ್ಸ್ ಒಡೆಸಿದ ಮನೆಗಳನ್ನು ಹಾಸನದಲ್ಲೂ ನೋಡಿದ್ದೇನೆ, ಚಿಕ್ಕಮಗಳೂರಿನಲ್ಲೂ ನೋಡಿದ್ದೇನೆ. ಕೆಟ್ಟಿದ್ದು ಕೆಲವೇ ರೂಪಾಯಿಯ ಒಂದು ರಬ್ಬರ್ ಬಿಲ್ಲೆ ಅಷ್ಟೇ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ನಲ್ಲಿ ಮುಚ್ಚಿದಾಗಲೂ ಮೂತಿಯಿಂದ ಹನಿ ಬಿದ್ದರೆ ವಾಶರ್ ಅಥವಾ (ಹೊಸ ಬಗೆಯ ನಲ್ಲಿಯಾದರೆ) ವಾಶರ್ ಬದಲು ಇರುವ ಕಾರ್ಟ್ರಿಜ್ ಹೋಗಿದೆ. ತೆರೆದಾಗ ಹಿಡಿಯ ಬುಡದಲ್ಲಿ ಒಸರಿದರೆ ಅಲ್ಲಿನ ಪ್ಯಾಕಿಂಗ್ ಅಥವಾ ಓ-ರಿಂಗ್ (ರಬ್ಬರ್ ಉಂಗುರ) ಸವೆದಿದೆ. ಗೋಡೆಗೆ ಸೇರುವಲ್ಲಿ ಒದ್ದೆಯಿದ್ದರೆ ಮಾತ್ರ ನಲ್ಲಿ ಬಿಚ್ಚಿ ಹೊಸದಾಗಿ ಟೆಫ್ಲಾನ್ ಟೇಪ್ ಸುತ್ತಬೇಕು. ಆ ಜಾಗಕ್ಕೆ ಹೊರಗಿನಿಂದ ಎಪಾಕ್ಸಿ ಅಂಟು ಮೆತ್ತುವವರಿದ್ದಾರೆ. ದಯವಿಟ್ಟು ಮೆತ್ತಬೇಡಿ. ನೀರು ಗೋಡೆಯೊಳಗೆ ಇಳಿಯಲು ಶುರುವಾಗುತ್ತದೆ, ಹೊರಗೆ ಕಾಣುವುದೇ ಇಲ್ಲ.

ಸಣ್ಣ ಹನಿ ತಾನೇ ಅನ್ನಿಸಿದರೆ ಒಂದು ಗಂಟೆ ಕೆಳಗೆ ಮಗ್ ಇಡಿ. ಸಿಕ್ಕಿದ್ದನ್ನು 24ರಿಂದ ಗುಣಿಸಿ. ಅರಸೀಕೆರೆ, ಕಡೂರಿನ ಕಡೆ ಬೇಸಿಗೆಯಲ್ಲಿ ನೀರಿಗೆ ಕಾಯುವವರಿಗೆ ಆ ಲೆಕ್ಕ ಬೇಗ ಅರ್ಥವಾಗುತ್ತದೆ.

ಬೇಕಾಗುವುದು ಇಷ್ಟು: ಅಡ್ಜಸ್ಟಬಲ್ ಸ್ಪ್ಯಾನರ್ ಎರಡು, ಸ್ಕ್ರೂ ಡ್ರೈವರ್, ಹಳೆ ಬಟ್ಟೆ, ಟಾರ್ಚ್, ಬಿಳಿ ವಿನೆಗರ್.

ಟ್ಯಾಂಕಿನಿಂದ ಬರುವ ನೀರು ನಿಲ್ಲಿಸುವ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಹೋಗಲು ಬಿಡಿ, ಬಚ್ಚಲ ತೂತಿಗೆ ಬಟ್ಟೆ ತುರುಕಿ. ಬಿಸಿನೀರಿನ ನಲ್ಲಿಯಾದರೆ ಮೊದಲು ಗೀಸರ್ ಆಫ್ ಮಾಡಿ, ಆರಲು ಬಿಡಿ. ವರ್ಷಗಟ್ಟಲೆ ತಿರುಗಿಸದ ಗೇಟ್ ವಾಲ್ವ್ ಜಾಮ್ ಆಗಿದ್ದರೆ ಜೋರು ಮಾಡಬೇಡಿ. ಟ್ಯಾಂಕ್ ಖಾಲಿಯಾಗುವ ದಿನದವರೆಗೆ ಕಾಯುವುದೇ ವಾಸಿ.

ತಲೆ ಬಿಚ್ಚುವುದು

ಎಲ್ಲರೂ ಎಡವುವುದು ಇಲ್ಲೇ. ಹಿಡಿಯ ಮೇಲಿನ ಸಣ್ಣ ಮುಚ್ಚಳ ಎಬ್ಬಿಸಿ, ಸ್ಕ್ರೂ ಬಿಚ್ಚಿ, ಹಿಡಿ ತೆಗೆಯಿರಿ. ಕೆಳಗೆ ಆರು ಮೂಲೆಯ ದಪ್ಪ ನಟ್ಟು ಕಾಣುತ್ತದೆ, ಅದು ನಲ್ಲಿಯ ತಲೆಯ ಭಾಗ. ಅದಕ್ಕೆ ಸ್ಪ್ಯಾನರ್ ಹಾಕುವ ಮೊದಲು ನಲ್ಲಿ ಅರ್ಧ ತೆರೆದಿರಲಿ. ಪೂರ್ತಿ ಮುಚ್ಚಿದ್ದರೆ ವಾಶರ್ ಒಳಗಿನ ಸೀಟಿಗೆ, ಅಂದರೆ ಅದು ಕೂರುವ ಅಂಚಿಗೆ, ಒತ್ತಿಕೊಂಡಿರುತ್ತದೆ. ಆಗ ನಟ್ಟು ಬಿಚ್ಚಲು ಹೋದರೆ ಸೀಟು, ಮರೆಗಳು (ತಿರುಗಿಸಿ ಕೂರಿಸುವ ಸುತ್ತುಗೆರೆಗಳು) ಎರಡಕ್ಕೂ ಪೆಟ್ಟು.

ಈಗ ನಲ್ಲಿಯ ಮೈಗೆ ಬಟ್ಟೆ ಸುತ್ತಿ, ಅದನ್ನು ಎಡಗೈಯ ಸ್ಪ್ಯಾನರಿನಿಂದ ಗಟ್ಟಿಯಾಗಿ ಹಿಡಿಯಿರಿ. ಬಲಗೈಯ ಸ್ಪ್ಯಾನರಿನಿಂದ ನಟ್ಟನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಎಡಗೈ ಕದಲಲೇಬಾರದು. ಎರಡು ಕೈಗಳ ಬಲ ನಲ್ಲಿಯಲ್ಲೇ ತೀರಬೇಕು, ಗೋಡೆಯವರೆಗೆ ಹೋಗಬಾರದು. ಗೋಡೆಯೊಳಗೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಇದ್ದರೆ ಈ ಎಚ್ಚರ ಇನ್ನೂ ಜಾಸ್ತಿ ಬೇಕು, ಹಿತ್ತಾಳೆ ಮರೆ ಕೂರಿಸಿದ ಪ್ಲಾಸ್ಟಿಕ್ ಎಲ್ಬೋ ತಿರುಚುವುದನ್ನು ತಡೆಯುವುದಿಲ್ಲ. ಒಬ್ಬರೇ ಇದ್ದು ಕೈ ಸಾಲದಿದ್ದರೆ ಮನೆಯವರನ್ನು ಕರೆದು ನಲ್ಲಿ ಹಿಡಿಸಿ.

ನಟ್ಟು ಕದಲದಿದ್ದರೆ ಉಪ್ಪು ಕಟ್ಟಿದೆ ಎಂದರ್ಥ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಮಾಮೂಲು. ವಿನೆಗರಿನಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಡಿ, ತೊಳೆದು ಮತ್ತೆ ಪ್ರಯತ್ನಿಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುವುದು ಬೇಡವೇ ಬೇಡ. ಮೇಲಿನ ಹೊಳಪು ಸುಲಿದು ಹೋಗುತ್ತದೆ, ಹಿತ್ತಾಳೆಗೂ ಕೆಡುಕು. ಬೆಂಕಿ ತೋರಿಸುವುದೂ ಬೇಡ, ಪೈಪು ಮೆತ್ತಗಾಗುತ್ತದೆ.

ಸೀಟು ನೋಡಿ, ಆಮೇಲೆ ವಾಶರ್

ತಲೆ ಹೊರಗೆ ಬಂದ ಮೇಲೆ ತುದಿಯಲ್ಲಿ ವಾಶರ್ ಇರುತ್ತದೆ. ಅದರ ಮೇಲೆ ಉಂಗುರದಂತೆ ಗುಳಿ ಬಿದ್ದಿದ್ದರೆ ಕಾರಣ ಸಿಕ್ಕಿತು. ಆದರೆ ತಕ್ಷಣ ಹೊಸದು ಹಾಕಿ ಮುಚ್ಚಬೇಡಿ. ನಲ್ಲಿಯೊಳಗೆ ಟಾರ್ಚ್ ಬಿಡಿ. ವಾಶರ್ ಕೂರುವ ಹಿತ್ತಾಳೆ ಅಂಚೇ ಸೀಟು. ಕಿರುಬೆರಳು ಆಡಿಸಿ. ನುಣುಪಾಗಿದ್ದರೆ ಸರಿ. ಬಿಳಿ ಹೆಕ್ಕಳಿಕೆ ಇದ್ದರೆ ವಿನೆಗರ್ ಹಚ್ಚಿ ಬಟ್ಟೆಯಿಂದ ಉಜ್ಜಿ, ಸ್ಕ್ರೂ ಡ್ರೈವರ್‌ನಿಂದ ಕೆರೆಯಬೇಡಿ. ಗೀರು ಅಥವಾ ಕಚ್ಚು ಬಿದ್ದಿದ್ದರೆ ಎಂಥ ವಾಶರ್ ಹಾಕಿದರೂ ಮತ್ತೆ ಸೋರುತ್ತದೆ. ಪ್ಲಂಬರ್ ಬಳಿ ಸೀಟು ತಿದ್ದುವ ಕಟ್ಟರ್ ಇದ್ದರೆ ತಿದ್ದಿಸಿ, ಇಲ್ಲದಿದ್ದರೆ ಆಗ ನಲ್ಲಿ ಬದಲಾಯಿಸಿ.

ಹಳೆ ವಾಶರನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. ಅರ್ಧ ಇಂಚು ಎಂದು ಬಾಯಲ್ಲಿ ಹೇಳಿದರೆ ಸಾಲದು, ದಪ್ಪವೂ ಬೇರೆ ಬೇರೆ ಇರುತ್ತದೆ. ಸೈಕಲ್ ಟ್ಯೂಬು, ಹಳೆ ಚಪ್ಪಲಿಯ ರಬ್ಬರ್ ಕತ್ತರಿಸಿ ಹಾಕುವ ಅಭ್ಯಾಸ ಬಿಡಿ, ಬಿಸಿನೀರಿನಲ್ಲಿ ಅದು ಬಹಳ ದಿನ ಬಾಳುವುದಿಲ್ಲ.

ಕಾಲು ಸುತ್ತು ತಿರುಗಿಸಿದರೆ ತೆರೆಯುವ ಹೊಸ ನಲ್ಲಿಯಲ್ಲಿ ವಾಶರ್ ಇರುವುದಿಲ್ಲ, ಎರಡು ಸೆರಾಮಿಕ್ ಬಿಲ್ಲೆಗಳಿರುವ ಕಾರ್ಟ್ರಿಜ್ ಇರುತ್ತದೆ. ಮರಳಿನ ಒಂದು ಕಣ ಬಿಲ್ಲೆಗಳ ನಡುವೆ ಸಿಕ್ಕಿದರೂ ಗೀರು ಬೀಳುತ್ತದೆ. ಕಾರ್ಟ್ರಿಜ್ ಬಿಚ್ಚಿ, ವಿನೆಗರಿನಲ್ಲಿ ತೊಳೆದು ನೋಡಿ. ಆಗದಿದ್ದರೆ ಬದಲಿಸಿ. ಹಿಡಿ ಕೂರುವ ತುದಿಯ ಹಲ್ಲುಗಳ ಸಂಖ್ಯೆ ಒಂದೇ ಆಗಿರಬೇಕು, ಎಡಕ್ಕೆ ತೆರೆಯುವುದು, ಬಲಕ್ಕೆ ತೆರೆಯುವುದು ಎಂದು ಎರಡು ಬಗೆ ಇವೆ. ಹಾಗಾಗಿ ಹಳೆಯದು ಕೈಯಲ್ಲೇ ಇರಲಿ. ಬೋರ್ ನೀರಿನ ಮನೆಗಳಿಗೆ ನಾನು ಹೇಳುವುದು ಹಳೆ ಬಗೆಯ, ವಾಶರ್ ಇರುವ ಹಿತ್ತಾಳೆ ನಲ್ಲಿಯನ್ನೇ. ರಿಪೇರಿ ಸುಲಭ, ಬಿಡಿಭಾಗ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಕೈಯಲ್ಲಿ ಹಿಡಿದಾಗ ಹಗುರ ಎನಿಸುವ, ಹೊಳಪು ಮಾತ್ರ ಜಾಸ್ತಿ ಇರುವ ನಲ್ಲಿಯನ್ನು ಕೊಳ್ಳಬೇಡಿ.

ಮತ್ತೆ ಜೋಡಿಸುವಾಗ ಎಲ್ಲ ಮರೆ ಕೈಯಿಂದಲೇ ಕೂರಿಸಿ, ಕೊನೆಗೆ ಸ್ಪ್ಯಾನರ್‌ನಿಂದ ಕಾಲು ಸುತ್ತು ಸಾಕು. ಇಲ್ಲೂ ಎಡಗೈಯಿಂದ ನಲ್ಲಿಯ ಮೈ ಹಿಡಿದಿರಬೇಕು. ನಲ್ಲಿ ತೆರೆದಿಟ್ಟು ಗೇಟ್ ವಾಲ್ವನ್ನು ನಿಧಾನವಾಗಿ ಬಿಡಿ. ಮೊದಲು ಗಾಳಿ, ಕಸ ಬರುತ್ತದೆ, ಬರಲಿ. ನೀರು ತಿಳಿಯಾದ ಮೇಲೆ ಎರಡೇ ಬೆರಳಿನಲ್ಲಿ ಮುಚ್ಚಿ. ಆಗಲೂ ಹನಿ ಬಿದ್ದರೆ ಜೋರು ಮಾಡಬೇಡಿ, ಮತ್ತೆ ಬಿಚ್ಚಿ ಸೀಟಿನಲ್ಲಿ ಕಸ ಕೂತಿದೆಯೇ ನೋಡಿ.