ಸಿಬಿಆರ್ ಸ್ಟಡಿಗಳ ರಿವ್ಯೂ ಮಾಡಿದ್ದು – ನನ್ನ ಅನುಭವ

ನಾನು ಉಡುಪಿಯಲ್ಲಿ ಫಿಸಿಯೋಥೆರಪಿಸ್ಟ್. ಸಿಬಿಆರ್ ಅಂದ್ರೆ ಸಮುದಾಯ ಆಧಾರಿತ ಪುನರ್ವಸತಿ, ಅಂಗವೈಕಲ್ಯ ಇರುವವರಿಗೆ ಅವರ ಊರಲ್ಲೇ, ಊರವರನ್ನೂ ಸೇರಿಸಿ ನೆರವು ಕೊಡುವುದು. ಇದರ ಮೇಲೆ ಬಂದ ಸ್ಟಡಿಗಳನ್ನೆಲ್ಲ ಒಟ್ಟು ಹಾಕಿ ರಿವ್ಯೂ ಮಾಡಿದ್ದು ಹೇಗೆ ಅಂತ ಬರೀತೇನೆ, ಈ ಕೆಲಸಕ್ಕೆ ಇಳಿಯುವವರಿಗೆ ಉಪಯೋಗ ಆದೀತು.

ಸರ್ಚ್ ಮಾಡುವಾಗ ಬರೀ ಸಿಬಿಆರ್ ಅಂತ ಹಾಕಿದ್ರೆ ಸಾಲುದಿಲ್ಲ ಮಾರ್ರೆ, ಮನೆ ಭೇಟಿ, ಸ್ವಸಹಾಯ ಸಂಘ ಅಂತೆಲ್ಲ ಬೇರೆ ಹೆಸರಲ್ಲಿ ಇದೇ ಕೆಲಸ ಮಾಡಿದವರು ತುಂಬಾ ಜನ ಉಂಟು. ಸ್ಕ್ರೀನಿಂಗ್, ಅಂದ್ರೆ ಸಿಕ್ಕಿದ್ದರಲ್ಲಿ ಯಾವುದನ್ನು ಸೇರಿಸುವುದು ಅಂತ ಆರಿಸುವುದು, ಇಬ್ಬರು ಬೇರೆ ಬೇರೆ ಕೂತು ಮಾಡಿದೆವು, ಒಳ್ಳೆ ರಿವ್ಯೂಗಳಲ್ಲಿ ಸಾಮಾನ್ಯವಾಗಿ ಹಾಗೆಯೇ ಮಾಡುವುದು.

ನನಗೆ ದಾರಿ ತೋರಿಸಿದ್ದು ಡಬ್ಲ್ಯೂಎಚ್‌ಒ 2010ರ ಗೈಡ್‌ಲೈನ್ಸಿನ ಮ್ಯಾಟ್ರಿಕ್ಸ್, ಅಂದ್ರೆ ಸಿಬಿಆರ್ ಕೆಲಸದಲ್ಲಿ ಏನೆಲ್ಲ ಬರ್ತದೆ ಅನ್ನುವ ಪಟ್ಟಿ. ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ, ಸಬಲೀಕರಣ ಅಂತ ಐದು ಭಾಗ, ಒಂದೊಂದರೊಳಗೆ ಐದೈದು ವಿಷಯ. ಎಕ್ಸೆಲ್‌ನಲ್ಲಿ 25 ಕಾಲಂ ಮಾಡಿ ಯಾವ ಸ್ಟಡಿ ಏನನ್ನು ಅಳೆದಿದೆ ಅಂತ ತುಂಬಿಸ್ತಾ ಹೋದ್ರೆ ಆರೋಗ್ಯದ ಕಡೆ ರಾಶಿ, ಜೀವನೋಪಾಯದ ಕಡೆ ಹೆಚ್ಚುಕಡಿಮೆ ಖಾಲಿ. ಇಂಥ ರಿವ್ಯೂಗಳನ್ನು ಪ್ರಕಟಿಸುವ ಕ್ಯಾಂಪ್‌ಬೆಲ್ ಸಂಸ್ಥೆಯ 2015ರ ಸಿಬಿಆರ್ ರಿವ್ಯೂನವರಿಗೂ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಂದ ಸೇರಿಸ್ಲಿಕ್ಕೆ ಸಿಕ್ಕಿದ್ದು 15 ಸ್ಟಡಿ ಮಾತ್ರ.

ನಮ್ಮ ದೇಶದ್ದೇ ಎರಡು ಪಕ್ಕಪಕ್ಕ ಇಟ್ಟು ನೋಡಿ. 2014ರ ಕಾಪ್ಸಿ ಅನ್ನುವ ಟ್ರಯಲ್, ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದ್ದ 282 ಜನ, ಆಸ್ಪತ್ರೆ ಚಿಕಿತ್ಸೆ ಜೊತೆ ಸಮುದಾಯ ಕಾರ್ಯಕರ್ತರು ಮನೆಗೆ ಹೋದ್ರು, 12 ತಿಂಗಳಿಗೆ ಸ್ವಲ್ಪ ಸುಧಾರಣೆ ಕಂಡಿತು, ಅದೂ ಮುಖ್ಯವಾಗಿ ತಮಿಳುನಾಡಿನ ಕಡೆ. ರ‍್ಯಾಂಡಮೈಸ್ ಮಾಡಿದ್ದರಿಂದ, ಅಂದ್ರೆ ಯಾರಿಗೆ ಯಾವ ಚಿಕಿತ್ಸೆ ಅಂತ ಲಾಟರಿ ಹಾಕಿದ ಹಾಗೆ ಹಂಚಿದ್ದರಿಂದ, ಅದಕ್ಕೆ ಕ್ವಾಲಿಟಿ ಮಾರ್ಕ್ ಚೆನ್ನಾಗಿ ಬರ್ತದೆ. ಇನ್ನೊಂದು ಮಂಡ್ಯ ಕಡೆಯದ್ದು, ಸಿಬಿಆರ್ ಇದ್ದ ಹಳ್ಳಿ ಮತ್ತು ಇಲ್ಲದ ಹಳ್ಳಿಗಳನ್ನು ಹೋಲಿಸಿ 4 ಮತ್ತು 7 ವರ್ಷದ ಪರಿಣಾಮ ನೋಡಿದ್ದು, ಇದರಲ್ಲಿ ಪಿಂಚಣಿ ಸಿಗುವುದು, ಸಲಕರಣೆ, ಸಂಬಳದ ಕೆಲಸ ಎಲ್ಲ ಸುಧಾರಿಸಿದೆ. ಲಾಟರಿ ಹಾಕಿ ಹಂಚಿದ್ದಲ್ಲ ಅಂತ ಇದಕ್ಕೆ ಮಾರ್ಕ್ ಕಡಿಮೆ. ಆದ್ರೆ ದಕ್ಷಿಣ ಕನ್ನಡದ ಕೊಕ್ಕಡದಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮನೆಯವರು ಕೇಳುವುದು ಈ ಎರಡನೇ ಸ್ಟಡಿ ಅಳೆದಂಥ ವಿಷಯಗಳನ್ನೇ ಅಲ್ವಾ, ಪಿಂಚಣಿ ಬರ್ತದಾ, ನಾನು ಕೂಲಿಗೆ ಹೋದ್ರೆ ಮಗುವನ್ನು ಯಾರು ನೋಡಿಕೊಳ್ತಾರೆ ಅಂತ. ಹಾಗಾಗಿ ಮಾರ್ಕ್ ಕಡಿಮೆ ಅಂತ ಇಂಥದ್ದನ್ನು ಹೊರಗೆ ಹಾಕ್ಲಿಲ್ಲ, ಪಕ್ಷಪಾತದ ಅಪಾಯ, ಅಂದ್ರೆ ಸ್ಟಡಿ ಮಾಡಿದ ರೀತಿಯಿಂದ ಫಲಿತಾಂಶ ಒಂದು ಕಡೆ ವಾಲಿರುವ ಸಾಧ್ಯತೆ, ಎಷ್ಟು ಅಂತ ಪಕ್ಕದಲ್ಲೇ ಬರೆದು ಒಳಗೆ ಇಟ್ಟೆ.

ಎಲ್ಲ ಸೇರಿಸಿ ಒಂದೇ ನಂಬರ್ ತೆಗೀಲಿಕ್ಕೂ ಹೋಗ್ಲಿಲ್ಲ, ಸ್ಟ್ರೋಕ್ ಆದವರ ನಡಿಗೆಯನ್ನೂ ಡಿಮೆನ್ಷಿಯಾ ಇರುವವರ ಮನೆಯವರ ಆಯಾಸವನ್ನೂ ಸೇರಿಸಿ ಸರಾಸರಿ ತೆಗೆದ್ರೆ ಅದಕ್ಕೆ ಎಂತ ಅರ್ಥ? ಖಾಲಿ ಕಾಲಂಗಳನ್ನು ಖಾಲಿಯಾಗಿಯೇ ರಿಪೋರ್ಟಿನಲ್ಲಿ ಪ್ರಿಂಟ್ ಮಾಡಿದೆ, ಅಲ್ಲಿ ಯಾರೂ ಅಳೆದಿಲ್ಲ ಅಂತ ಕೆಳಗೆ ದಪ್ಪಕ್ಷರದಲ್ಲಿ ಹಾಕಿ, ಇಲ್ಲಾಂದ್ರೆ ಓದಿದವರು ಸಿಬಿಆರ್‌ನಿಂದ ಉಪಯೋಗ ಇಲ್ಲ ಅಂತ ತಿಳ್ಕೊಂಡು ಪಂಚಾಯತಿನ ವಿಆರ್‌ಡಬ್ಲ್ಯೂ, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಗೌರವಧನಕ್ಕೇ ಕತ್ತರಿ ಹಾಕಿಯಾರು.